ಎರಡನೆಯ ಪುಟದ ಫೇಡರ್

ಹಲೋಣ್ಣ ದೇವರಂಥ ಮನುಷ್ಯ ಎಂದು ಯಾರಾದರೂ ಹೊಗಳಿದರೆ ನನಗೆ ಮೈ ಉರಿಯುತ್ತದೆ. ಅವನೊಬ್ಬ ಪಾಪಿ ಎಂದು ಬೈದರೆ ಇನ್ನೂ ಜಾಸ್ತಿ ಉರಿಯುತ್ತದೆ. ಎರಡರಲ್ಲಿ ಯಾವುದನ್ನಾದರೂ ಹೇಳುವ ಹಕ್ಕು ಇರುವುದು ಅವನ ಅಕ್ಕನಿಗೆ. ಅವಳಿಗೆ ಈಗ ದನಿಯಿಲ್ಲ. ಹಾಗಾಗಿ ನಾನು ಹೇಳುತ್ತೇನೆ, ಕೇಳುವವರು ಕೇಳಲಿ.

ನಮ್ಮದೊಂದು ಆರ್ಕೆಸ್ಟ್ರಾ ತಂಡ. ಶಾಲೆಯ ಸಮಾರಂಭ, ಕಂಪನಿಯ ವಾರ್ಷಿಕೋತ್ಸವ, ಯಾರದೋ ಹುಟ್ಟುಹಬ್ಬ, ಕರೆದಲ್ಲಿಗೆ ಹೋಗಿ ಹಾಡುತ್ತಿದ್ದೆವು. ಅವನ ಅಕ್ಕ, ತಂಡಕ್ಕೆಲ್ಲ ಅಕ್ಕನೇ, ಮುಖ್ಯ ಗಾಯಕಿ. ನಾನು ಕೋರಸ್ಸಿನವಳು, ಅವಳ ಎಡಕ್ಕೆ ಸ್ವಲ್ಪ ಹಿಂದೆ ನಿಂತು, ಅವಳು ಹಾಡಿದ್ದನ್ನೇ ಮೆಲ್ಲಗೆ ಹಾಡಿ ತುಂಬಿಕೊಡುವ ಕೆಲಸ. ಹಲೋಣ್ಣ ಸೌಂಡ್‌ನವನು. ಪ್ರತಿ ಕಾರ್ಯಕ್ರಮಕ್ಕೂ ಮುಂಚೆ ಮೈಕುಗಳ ಮುಂದೆ ನಿಂತು ‘ಹಲೋ, ಹಲೋ’ ಎಂದು ಕೂಗಿ ಕೂಗಿ ಆ ಹೆಸರು ಅಂಟಿಕೊಂಡಿತು. ಅಪ್ಪ ಅಮ್ಮ ಇಟ್ಟ ಹೆಸರು ಅವನಿಗೇ ನೆನಪಿದೆಯೋ ಇಲ್ಲವೋ.

ತಾಯಿ ಬೇಗ ತೀರಿಕೊಂಡಿದ್ದರಿಂದ ಅವನನ್ನು ಸಾಕಿದವಳು ಅಕ್ಕ. ಮದುವೆಯಾಗಿ ಬಂದಾಗ ತಮ್ಮನನ್ನೂ ಜೊತೆಗೇ ಕರೆದುಕೊಂಡು ಬಂದಳು. ಅಕ್ಕನಿಗೆ ಒಬ್ಬಳೇ ಮಗಳು. ಅವನು ಮದುವೆಯಾಗಲಿಲ್ಲ. ಮನೆಯ ಹಿಂದಿನ ಕೋಣೆ ಅವನದು. ಅದರಲ್ಲಿ ಮಂಚಕ್ಕಿಂತ ಹೆಚ್ಚು ಜಾಗವನ್ನು ವೈರುಗಳು ತಿಂದಿದ್ದವು. ಒಳಗೆ ಕಾಲಿಟ್ಟರೆ ಬೆಸುಗೆಯ ಹೊಗೆ, ರಬ್ಬರು, ಒಣಗದ ಕಾಲುಚೀಲ, ಎಲ್ಲ ಸೇರಿದ ವಾಸನೆ. ಕೆಲಸ ಮಾತ್ರ ಶಿಸ್ತು. ಕೇಬಲನ್ನು ಯಾರಾದರೂ ಮೊಣಕೈಗೆ ಸುತ್ತಿ ಮಡಚಿದರೆ ಅವನಿಗೆ ಪಿತ್ತ ನೆತ್ತಿಗೇರುತ್ತಿತ್ತು. “ಏನ್ರೀ ಅದು, ಹಗ್ಗ ಅಂದ್ಕೊಂಡ್ರಾ? ಒಳಗೆ ತಂತಿ ತಿರುಚ್ಕೊಳುತ್ತೆ, ಬಿಡ್ರಿ ಕೆಳಗೆ!” ಎಂದು ಕೂಗಾಡುತ್ತಿದ್ದ. ಬೇರೆ ವಿಷಯಕ್ಕೆ ಅವನು ದನಿ ಎತ್ತಿದ್ದನ್ನು ನಾನು ಕಾಣೆ.

ಮೊದಲು ನಮ್ಮಲ್ಲಿದ್ದ ಮಿಕ್ಸರ್, ಅಂದರೆ ಎಲ್ಲ ಮೈಕುಗಳ ದನಿ ಬೆರೆಸುವ ಯಂತ್ರ, ಹೆಣದ ಭಾರ. ಆಮೇಲೆ ಡಿಜಿಟಲ್ ಮಿಕ್ಸರ್ ಬಂತು. ತೀರ ಅಗ್ಗದ್ದಲ್ಲ, ದೊಡ್ಡ ಕಂಪನಿಗಳು ಇಟ್ಟುಕೊಳ್ಳುವಂಥದ್ದೂ ಅಲ್ಲ, ನಡುಮಟ್ಟದ್ದು. ಅವನು ಅದಕ್ಕೆ ‘ಗುಮಾಸ್ತ’ ಎಂದು ಹೆಸರಿಟ್ಟ. “ಹೇಳಿದ್ದನ್ನ ಮಾಡ್ತಾನೆ, ಕೇಳಿದ್ದನ್ನ ಬರ್ಕೊಂಡು ಇಡ್ತಾನೆ, ತಲೆ ಮಾತ್ರ ಓಡಿಸಲ್ಲ” ಎನ್ನುತ್ತಿದ್ದ. ಕಂಕುಳಲ್ಲಿ ಇಟ್ಟುಕೊಂಡು ಒಬ್ಬನೇ ಹೊತ್ತು ತರಬಹುದಿತ್ತು. ವೇದಿಕೆಯಿಂದ ಹಗ್ಗದಂತೆ ಎಳೆಯುತ್ತಿದ್ದ ವೈರುಗಳ ಕಟ್ಟು ಹೋಗಿ ಒಂದೇ ಒಂದು ತಂತಿ ಉಳಿಯಿತು. ಯಾವ ಸ್ವರ ಕೀಂಯ್ ಎಂದು ಕಿರುಚಲು ಹೊರಟಿದೆ ಎಂಬುದನ್ನು ಪರದೆಯ ಮೇಲೆ ತೋರಿಸುತ್ತಿತ್ತು. ಎಲ್ಲಕ್ಕಿಂತ ದೊಡ್ಡದು ಅದರ ನೆನಪು. ಒಂದು ಹಾಡಿಗೆ ಯಾರ ಮೈಕು ಎಷ್ಟಿರಬೇಕೆಂದು ಒಮ್ಮೆ ಹೊಂದಿಸಿ ಉಳಿಸಿಟ್ಟರೆ ಸಾಕು. ಅದಕ್ಕೆ ‘ಸೀನ್’ ಎನ್ನುತ್ತಾರೆ. ಮುಂದಿನ ಸಲ ಗುಂಡಿ ಒತ್ತಿದರೆ ಫೇಡರುಗಳು, ಅಂದರೆ ದನಿಯನ್ನು ಏರಿಸಿ ಇಳಿಸುವ ಜಾರುಗುಂಡಿಗಳು, ಸರ್ರನೆ ತಾವೇ ಓಡಿ ತಮ್ಮ ತಮ್ಮ ಜಾಗದಲ್ಲಿ ನಿಲ್ಲುತ್ತಿದ್ದವು. ಮೊದಲ ದಿನ ಅದನ್ನು ನೋಡಿ ಅಕ್ಕ “ಅಯ್ಯಪ್ಪ, ಒಳಗೆ ಯಾರಾದ್ರೂ ಕೂತಿದಾರೇನೋ?” ಎಂದು ನಕ್ಕಿದ್ದಳು.

ಕುಂದುಗಳೂ ಇದ್ದವು. ಕರೆಂಟು ಹೋಗಿ ಬಂದರೆ ಗುಮಾಸ್ತ ಎಚ್ಚರಗೊಳ್ಳಲು ಸಾವಕಾಶ ಮಾಡುತ್ತಿದ್ದ, ಅಷ್ಟರಲ್ಲಿ ಜನ ಶಿಳ್ಳೆ ಹೊಡೆಯುತ್ತಿದ್ದರು. ಬಿಸಿಲಲ್ಲಿ ಪರದೆ ಕಾಣುತ್ತಿರಲಿಲ್ಲ. ಪೆನ್ ಡ್ರೈವ್ ಚುಚ್ಚಿದರೆ ರೆಕಾರ್ಡು ಮಾಡಿಕೊಳ್ಳುತ್ತಿದ್ದ, ಆದರೆ ಪ್ರತಿ ಮೈಕನ್ನೂ ಬೇರೆ ಬೇರೆಯಾಗಿ ಅಲ್ಲ. ಸಭಾಂಗಣಕ್ಕೆ ಹೋದದ್ದು ಏನೋ ಅದನ್ನೇ, ಬೆರೆತು ಮುಗಿದದ್ದನ್ನೇ. ಇನ್ನೊಂದು, ಫೇಡರುಗಳು ಕಡಿಮೆ. ಮೈಕುಗಳು ಹೆಚ್ಚು, ಫೇಡರುಗಳು ಕಮ್ಮಿ ಎಂದಮೇಲೆ ಪುಟ ತಿರುಗಿಸಬೇಕು. ಗುಂಡಿ ಒತ್ತಿದರೆ ಅವೇ ಫೇಡರುಗಳು ಎರಡನೆಯ ಪುಟದಲ್ಲಿ ಬೇರೆಯವರದಾಗುತ್ತವೆ. ಒಂದು ಪುಟದಲ್ಲಿದ್ದಾಗ ಇನ್ನೊಂದರಲ್ಲಿ ಏನಾಗಿದೆ ಎಂದು ಕಣ್ಣಿಗೆ ಬೀಳುವುದಿಲ್ಲ. ಎಲ್ಲ ಹಾಳಾದದ್ದು ಅಲ್ಲೇ.

ಅಕ್ಕನ ಗಂಟಲು ಕೆಡಲು ಶುರುವಾದದ್ದು ಅವಳ ದನಿ ಹೋಗುವುದಕ್ಕೆ ಹಿಂದಿನ ವರ್ಷ. ಮೇಲಿನ ಸ್ವರಕ್ಕೆ ಹೋದಾಗ ದನಿ ಒಡೆಯುತ್ತಿತ್ತು. ಶೀತ ಎಂದಳು, ಧೂಳು ಎಂದಳು, ಬಿಸಿನೀರು ಕುಡಿದಳು. ಒಂದು ಕಾರ್ಯಕ್ರಮದಲ್ಲಿ ಪಲ್ಲವಿಯ ನಡುವೆ ಒಡೆದಾಗ ಮುಂದಿನ ಸಾಲಿನ ಹುಡುಗರು ಕಿಸಕ್ಕನೆ ನಕ್ಕರು. ಅಕ್ಕನ ಮುಖ ಸಣ್ಣಗಾಯಿತು. ಹಲೋಣ್ಣ ಅದನ್ನು ನೋಡಿದ. ಮುಂದಿನ ಕಾರ್ಯಕ್ರಮದಿಂದ ಅವನು ತನ್ನ ಕೈಚಳಕ ತೋರಿಸಿದ.

ಅಕ್ಕನ ಮೈಕಿನ ದನಿ ಸಭಾಂಗಣಕ್ಕೆ ಹೋಗುವಾಗ ಎರಡು ಬಾಗಿಲು ದಾಟುವಂತೆ ಮಾಡಿದ. ಮೊದಲ ಪುಟದಲ್ಲಿ ಅವಳ ಹೆಸರಿನ ಫೇಡರ್, ಅದು ಎಂದಿನಂತೆ ನೆಟ್ಟಗೆ ಮೇಲೆ. ಎರಡನೆಯ ಪುಟದಲ್ಲಿ ಇನ್ನೊಂದು, ಅದನ್ನು ಕೆಳಗೆ ಇಳಿಸಿಟ್ಟ. ಅದರ ಪಕ್ಕದಲ್ಲಿದ್ದ ನನ್ನ ಫೇಡರನ್ನು ಏರಿಸಿದ. ಅಕ್ಕ ಬಂದು ಇಣುಕಿದರೂ ತನ್ನ ಫೇಡರ್ ಮೇಲಿರುವುದೇ ಕಾಣಬೇಕು, ಅಷ್ಟೇ ಅವನ ಯೋಚನೆ. ವೇದಿಕೆಯ ಮೇಲೆ ಅವಳ ಕಾಲ ಬಳಿ ಇದ್ದ ಮಾನಿಟರ್ ಪೆಟ್ಟಿಗೆಗೆ, ಅಂದರೆ ಹಾಡುವವರು ತಮ್ಮ ದನಿ ಕೇಳಿಸಿಕೊಳ್ಳುವ ಸ್ಪೀಕರಿಗೆ, ಈ ಬಾಗಿಲುಗಳ ಹಂಗಿಲ್ಲ. ಅದರಲ್ಲಿ ಅವಳದೇ ದನಿ ಅವಳಿಗೆ ಕೇಳುತ್ತಿತ್ತು. ಜನ ಕಂಡದ್ದು ಅವಳ ತುಟಿ, ಕೇಳಿದ್ದು ನನ್ನ ದನಿ. ಹಾಗೆ ಹೊಂದಿಸಿದ್ದನ್ನು ‘ಅಕ್ಕ’ ಎಂಬ ಹೆಸರಿನಲ್ಲಿ ಉಳಿಸಿಟ್ಟ.

“ಅಣ್ಣ, ಇದು ಸರಿಯಲ್ಲ. ಅಕ್ಕಂಗೆ ಗೊತ್ತಾದ್ರೆ ಎದೆ ಒಡ್ಕೋತಾಳೆ” ಎಂದು ಮುಖಕ್ಕೇ ಹೇಳಿದೆ.

“ಗಂಟಲು ಸರಿಹೋಗೋ ತನಕ ಕಣಮ್ಮ. ಅಲ್ಲಿವರೆಗೆ ಅವಳ ಮಾನ ಉಳೀಲಿ” ಎಂದ.

ಮಾನ ಉಳಿಯಿತು. ಅಕ್ಕ ಹೊರಗೆ ಹೇಗೆ ಕೇಳಿಸುತ್ತಿದೆ ಎಂದು ಕೇಳಿದಾಗಲೆಲ್ಲ “ಬೆಣ್ಣೆ ಥರ ಇದೆ ಅಕ್ಕ” ಎನ್ನುತ್ತಿದ್ದ. ಮಾನಿಟರಿನಲ್ಲಿ ತನ್ನ ದನಿ ಗೊಗ್ಗರಾಗಿ ಕೇಳಿದರೂ ಚಪ್ಪಾಳೆ ಬೀಳುತ್ತಿತ್ತಲ್ಲ, ಅವಳು ನಂಬಿದಳು. ಡಾಕ್ಟರ ಹತ್ತಿರ ಹೋಗೋಣ ಎಂದರೆ “ಜನ ಮೆಚ್ಚುತ್ತಿದ್ದಾರೆ, ಗಂಟಲಿಗೇನಾಗಿದೆ ಧಾಡಿ?” ಎಂದು ಬಾಯಿ ಮುಚ್ಚಿಸುತ್ತಿದ್ದಳು. ಉಗುಳಿನಲ್ಲಿ ರಕ್ತ ಕಂಡ ಮೇಲೆ ಹೋದಳು. ಡಾಕ್ಟರು ಬೆಳಕು ಬಿಟ್ಟು ನೋಡಿ, ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ಗದರಿದರಂತೆ. ಗಡ್ಡೆ ಬೆಳೆದಿತ್ತು. ಜೀವ ಉಳಿಯಬೇಕಾದರೆ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು.

ಆ ದಿನ ಹಲೋಣ್ಣ ಅಡುಗೆಮನೆಯಲ್ಲಿ ಅಕ್ಕನ ಕಾಲ ಮೇಲೆ ಬಿದ್ದು ಎಲ್ಲವನ್ನೂ ಹೇಳಿದ. ನಾನೂ ಅಲ್ಲೇ ಇದ್ದೆ. ಅಕ್ಕ ಬಯ್ಯಲಿಲ್ಲ. ಒಲೆ ಆರಿಸಿದಳು. ಆಮೇಲೆ ಆ ಒಡೆದ ದನಿಯಲ್ಲೇ ಹೇಳಿದಳು: “ನನ್ನ ಹಾಡು ಒಂದೂ ಸರಿಯಾಗಿ ಎಲ್ಲೂ ಇಲ್ಲ ಕಣೋ. ಫೋನಲ್ಲಿ ಯಾರೋ ಹಿಡ್ಕೊಂಡಿರೋದ್ರಲ್ಲಿ ಬರೀ ಡ್ರಮ್ಮು, ಗಲಾಟೆ. ದಿನಾ ಹಾಡ್ತಿದ್ನಲ್ಲ, ಹಿಡಿದಿಡ್ಬೇಕು ಅಂತ ಯಾರಿಗೂ ಅನ್ನಿಸ್ಲಿಲ್ಲ. ಆಪರೇಷನ್‌ಗೆ ಮುಂಚೆ ಒಂದು ಕಾರ್ಯಕ್ರಮ ಇದೆಯಲ್ಲ, ಅದ್ರಲ್ಲಿ ನಾನು ಹಾಡೋದನ್ನ ಹಿಡಿದುಕೊಡು. ಒಡೆದ್ರೆ ಒಡೆದದ್ದೇ ಇರ್ಲಿ. ನನ್ನ ಮಗಳಿಗೆ ನನ್ನ ದನಿ ಅಂತ ಒಂದಾದ್ರೂ ಬೇಕು. ಬೇರೆ ಯಾರದ್ದೂ ಬೇಡ.” ಕೊನೆಯ ಮಾತು ಹೇಳುವಾಗ ನನ್ನ ಕಡೆ ನೋಡಲಿಲ್ಲ. ಅಷ್ಟು ದಾಕ್ಷಿಣ್ಯ ಅವಳಿಗಿತ್ತು.

ಮಗಳಿಗೆ ಈ ಯಾವ ಕಥೆಯೂ ಗೊತ್ತಿರಲಿಲ್ಲ. ತಮ್ಮನನ್ನು ಮಗಳ ಕಣ್ಣಲ್ಲಿ ಸಣ್ಣವನನ್ನಾಗಿ ಮಾಡುವುದು ಅಕ್ಕನಿಗೆ ಬೇಕಿರಲಿಲ್ಲ.

ಒಂದು ಶಾಲೆಯ ಹಳೆಯ ವಿದ್ಯಾರ್ಥಿಗಳ ಸಮಾರಂಭ, ಭಾನುವಾರ ಮಧ್ಯಾಹ್ನ. ಅಲ್ಲಿಂದ ಅಕ್ಕ ನೇರ ಆಸ್ಪತ್ರೆಗೆ ಸೇರಬೇಕಿತ್ತು, ಬಟ್ಟೆಯ ಚೀಲ ವ್ಯಾನಿನಲ್ಲೇ ಇತ್ತು. ಮುಂದಿನ ಜಾಗವೆಲ್ಲ ಅತಿಥಿಗಳ ಸೋಫಾಗಳಿಗೆ ಹೋಗಿದ್ದರಿಂದ ಮಿಕ್ಸರನ್ನು ವೇದಿಕೆಯ ಪಕ್ಕದ ಪರದೆಯ ಹಿಂದೆ ಇಟ್ಟಿದ್ದರು. ಹಲೋಣ್ಣ ಬೆಳಿಗ್ಗೆಯೇ ಬಂದು ಎಲ್ಲವನ್ನೂ ಹೊಸದಾಗಿ ಹೊಂದಿಸಿದ. ಎರಡನೆಯ ಪುಟದಲ್ಲಿ ಅಕ್ಕನ ಫೇಡರನ್ನು ಏರಿಸಿ ನನ್ನದನ್ನು ಪೂರ್ತಿ ಇಳಿಸಿದ. “ನೀನು ಎಂದಿನಂತೆ ಹಾಡ್ತಿರು. ಪಕ್ಕದಲ್ಲಿ ದನಿ ಇಲ್ದಿದ್ರೆ ಅವಳಿಗೆ ಕೈಕಾಲು ಆಡಲ್ಲ. ಹೊರಗೆ ಹೋಗಲ್ಲ ಬಿಡು” ಎಂದ. ಅಕ್ಕ ಒಂದು ಸಾಲು ಹಾಡಿ ನೋಡಿದಳು. ಖಾಲಿ ಕುರ್ಚಿಗಳ ಮೇಲೆ ಆ ಒರಟು ದನಿ ಹೋಗಿ ಬಿತ್ತು. “ಹ್ಞಾಂ, ಇದು ನಾನು” ಎಂದಳು.

ಆ ಹೊಂದಿಕೆಯನ್ನು ಅವನು ಉಳಿಸಿಡಬೇಕಿತ್ತು. ಬೆರಳು ಗುಂಡಿಯ ಹತ್ತಿರ ಹೋಗುವಷ್ಟರಲ್ಲಿ ಸಂಘಟಕರು ಯಾರೋ ಭಾಷಣದ ಮೈಕು ಸತ್ತುಹೋಗಿದೆ ಎಂದು ಬೊಬ್ಬೆ ಹಾಕಿದರು. ಅವನು ಓಡಿದ. ಅದನ್ನು ಸರಿಮಾಡಿ ಬರುವಷ್ಟರಲ್ಲಿ ಜನ ತುಂಬಿದ್ದರು, ಉಳಿಸಿಡುವುದು ತಲೆಯಿಂದ ಹಾರಿಹೋಗಿತ್ತು.

ಅತಿಥಿಗಳ ಭಾಷಣ ಬಂದಾಗ ಅವನು ‘ಭಾಷಣ’ ಎಂಬ ಸೀನ್ ಒತ್ತಿದ. ನಮ್ಮ ಮೈಕುಗಳೆಲ್ಲ ಮುಚ್ಚಿದವು, ಉಳಿಸಿಡದ ಬೆಳಗಿನ ಹೊಂದಿಕೆಯೂ ಅಲ್ಲಿಗೆ ಅಳಿಸಿಹೋಯಿತು. ಭಾಷಣ ಮುಗಿಯಿತು, ಅಕ್ಕನ ಸರದಿ. ಪೆನ್ ಡ್ರೈವಿನಲ್ಲಿ ರೆಕಾರ್ಡು ಶುರುಮಾಡಿ, ಒಂದು ವರ್ಷದ ಅಭ್ಯಾಸದಂತೆ ‘ಅಕ್ಕ’ ಎಂಬ ಸೀನ್ ಒತ್ತಿದ. ಗುಮಾಸ್ತನಿಗೆ ಗೊತ್ತಿದ್ದ ‘ಅಕ್ಕ’ ಹಳೆಯದೊಂದೇ. ಫೇಡರುಗಳು ಸರ್ರನೆ ಓಡಿ ನಿಂತವು. ಮೊದಲ ಪುಟದಲ್ಲಿ ಅವಳ ಹೆಸರಿನ ಫೇಡರ್ ನೆಟ್ಟಗೆ ಮೇಲಿತ್ತು. ಯಾರ ಕಣ್ಣಿಗೂ ಬೀಳಬಾರದೆಂದು ಅವನೇ ಮಾಡಿದ್ದ ಏರ್ಪಾಡು, ಅವನ ಕಣ್ಣಿಗೂ ಬೀಳಲಿಲ್ಲ.

ಅಕ್ಕ ತಾನು ಮೊತ್ತಮೊದಲು ಕಲಿತಿದ್ದ ಹಾಡನ್ನು ಎತ್ತಿಕೊಂಡಳು. ಪರದೆಯ ಹಿಂದೆ ಅವನಿಗೆ ಕೇಳುತ್ತಿದ್ದುದು ಮಾನಿಟರಿನ ದನಿ, ಅವಳದೇ ದನಿ. ವೇದಿಕೆಯ ಮೇಲಿದ್ದ ನನಗೂ ಅಷ್ಟೇ. ಎಂಥ ಹಾಡು ಅದು! ಎರಡು ಕಡೆ ಒಡೆಯಿತು, ಒಂದು ಕಡೆ ಉಸಿರು ಸಾಲಲಿಲ್ಲ, ಆದರೂ ಕೊನೆಯ ಸಾಲಿನಲ್ಲಿ ಅವಳು ಆ ಒಡಕನ್ನೇ ಹಿಡಿದು ಮೇಲಕ್ಕೆ ಹೋದಳು. ಅಣ್ಣ ಹೇಳಿದ್ದಾನಲ್ಲ ಎಂದು ನಾನೂ ಹಾಡುತ್ತಲೇ ಇದ್ದೆ. ತಿರುಗಿ ನೋಡಿದರೆ ಅವನು ಕೈಕಟ್ಟಿ ನಿಂತು ಬಿಕ್ಕಳಿಸಿ ಅಳುತ್ತಿದ್ದ. ಪುಟ ತಿರುಗಿಸಿ ನೋಡುವ ಸ್ಥಿತಿಯಲ್ಲಿ ಇರಲಿಲ್ಲ.

ಆಪರೇಷನ್ ಆಯಿತು. ಅಕ್ಕ ಮನೆಗೆ ಬಂದಳು, ಉಸಿರಾಟಕ್ಕೆಂದು ಕುತ್ತಿಗೆಯಲ್ಲಿ ತೂತು, ಅದರ ಮೇಲೊಂದು ತೆಳು ಬಟ್ಟೆ. ಅವಳು ಬಂದ ಮೇಲೇ ಎಲ್ಲರೂ ಒಟ್ಟಿಗೆ ಕೇಳೋಣ ಎಂದು ಮಗಳು ಪೆನ್ ಡ್ರೈವನ್ನು ಹಾಗೇ ಇಟ್ಟಿದ್ದಳು. ನನ್ನನ್ನೂ ಕರೆದರು. ಟಿವಿಗೆ ಚುಚ್ಚಿದರು.

ಮೊದಲ ಸಾಲು ಬಂತು. ಅದು ನಾನು. ನುಣುಪಾಗಿ, ಎಲ್ಲೂ ಒಡೆಯದೆ, ಮೊದಲಿನಿಂದ ಕೊನೆಯತನಕ ನಾನು. ಅಕ್ಕನ ದನಿ ಎಲ್ಲೋ ಅಡಿಯಲ್ಲಿ ಗಾಳಿಯ ಹಾಗೆ ಇತ್ತು, ಹುಡುಕಿದರೂ ಸಿಗದಷ್ಟು. ಅಕ್ಕ ಮೊದಲು ನನ್ನನ್ನು ನೋಡಿದಳು, ಆಮೇಲೆ ತಮ್ಮನನ್ನು.

ಮಗಳು ಮಾತ್ರ ಒಂದು ವರ್ಷದಿಂದ ಸಭಾಂಗಣದಲ್ಲಿ ಕೂತು ನನ್ನನ್ನೇ ಅಮ್ಮ ಎಂದು ಕೇಳಿದವಳು. “ಅಮ್ಮಾ, ಯಾಕೆ ಅಳ್ತೀಯ? ನೋಡು, ಎಷ್ಟು ಚೆನ್ನಾಗಿ ಹಾಡಿದೀಯ! ಒಂದು ಕಡೆನೂ ಒಡೆದಿಲ್ಲ!” ಎಂದು ತಬ್ಬಿಕೊಂಡಳು. ಅಕ್ಕ ಕಣ್ಣೊರೆಸಿಕೊಂಡು ಹೌದೆಂದು ತಲೆಯಾಡಿಸಿದಳು. ಅಯ್ಯೋ, ಆ ತಲೆಯಾಡಿಸಿದ್ದನ್ನು ನಾನು ಸಾಯುವತನಕ ಮರೆಯುವುದಿಲ್ಲ.

ಆಮೇಲೆ ಎದ್ದು ತಮ್ಮನ ಅಂಗಿ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದಳು. ನಾನು ಹಿಂದೆಯೇ ಹೋದೆ. ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. ತನ್ನ ಕುತ್ತಿಗೆ ಮುಟ್ಟಿ ತೋರಿಸಿದಳು, ಅವನ ಕಿವಿ ಮುಟ್ಟಿದಳು, ಅಂಗೈ ಬಿಚ್ಚಿದಳು. ಆವತ್ತು ನಾನು ಹೇಗೆ ಹಾಡಿದೆ, ನೀನು ಕೇಳಿದ್ದೀಯಲ್ಲ ಎಂದು ಅವಳ ಪ್ರಶ್ನೆ.

“ಚೆನ್ನಾಗಿ ಹಾಡಿದೆ ಅಕ್ಕ. ನಿಜ್ವಾಗ್ಲೂ ಚೆನ್ನಾಗಿ ಹಾಡಿದೆ.”

ಅಕ್ಕ ತಲೆ ಅಡ್ಡಡ್ಡ ಆಡಿಸಿದಳು. ಆ ಮಾತನ್ನು ವರ್ಷವಿಡೀ ಕೇಳಿ ಸಾಕಾಗಿತ್ತು ಅವಳಿಗೆ. ಅವನ ತುಟಿಯ ಮೇಲೆ ಬೆರಳಿಟ್ಟು ತಟ್ಟಿದಳು. ಹಾಡಿ ತೋರಿಸು.

ಹಲೋಣ್ಣ ಹಾಡಿದ. ಹಾಡುವ ಗಂಟಲೇ ಅಲ್ಲ ಅದು, ಕಪ್ಪೆ ವಟಗುಟ್ಟಿದ ಹಾಗೆ. “ಇಲ್ಲಿ ಹೀಗೆ ಒಡೀತು ಅಕ್ಕ... ಇಲ್ಲಿ ಉಸಿರು ತಗೊಂಡೆ... ಆಮೇಲೆ ಇದನ್ನ ಹೀಗೆ ಎತ್ತಿದೆ” ಎನ್ನುತ್ತಾ ಒಂದೊಂದೇ ಸಾಲು. ಅಕ್ಕ ಕಣ್ಣು ಮುಚ್ಚಿ ಕೇಳಿದಳು, ಮತ್ತೆ ತಲೆ ಅಡ್ಡಡ್ಡ ಆಡಿಸಿದಳು, ಹಾಗಲ್ಲ. ಅವನು ಮತ್ತೆ ಹಾಡಿದ. ಹಾಗಲ್ಲ. ಬೆವರು ಸುರಿಸುತ್ತಾ, ಸ್ವರ ತಪ್ಪುತ್ತಾ, ಮತ್ತೆ ಹಾಡಿದ. ಕೊನೆಯ ಸಾಲು ಅವನಿಗೆ ಬರಲೇ ಇಲ್ಲ. “ಕಿವಿಯಲ್ಲಿದೆ ಅಕ್ಕ, ಕಿವಿಯಲ್ಲೇ ಇದೆ, ಬಾಯಿಗೆ ಬರ್ತಿಲ್ಲ” ಎಂದು ತಲೆ ಚಚ್ಚಿಕೊಂಡ. ಅಕ್ಕ ಅಂಗೈಯಿಂದ ಅವನ ಬಾಯಿ ಮುಚ್ಚಿ, ಹಾಗೇ ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದಳು.

ಹೊರಗೆ ಮಗಳು ಪಕ್ಕದ ಮನೆಯವರನ್ನು ಕರೆದು ಹಾಡನ್ನು ಮತ್ತೆ ಮೊದಲಿನಿಂದ ಹಾಕಿದ್ದಳು. ಅಕ್ಕ ಮುಖ ತೊಳೆದುಕೊಂಡು ಹೋಗಿ ಅವರ ನಡುವೆ ಕೂತಳು. “ಎಂಥಾ ದನಿ ರೀ ನಿಮ್ಮದು!” ಎಂದು ಪಕ್ಕದ ಮನೆಯಾಕೆ ಕಣ್ಣೀರು ಹಾಕಿದಾಗ ಅಕ್ಕ ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದಳು.