ಹದಿನೇಳನೇ ನಂಬರಿನ ಓಕೆ

ವೆಂಕಟಸುಬ್ಬಯ್ಯನವರು ತಮ್ಮ ಆಯುಷ್ಯದಲ್ಲಿ ಓಕೆ ಅಂದದ್ದಕ್ಕಿಂತ ಅನ್ನದೇ ಬಿಟ್ಟದ್ದೇ ಹೆಚ್ಚು. ಸರ್ಕಾರಿ ಯಂತ್ರ ಕಾರ್ಖಾನೆಯೊಂದರ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ಮೂವತ್ತಾರು ವರ್ಷ ಕೂತು, ಎದುರಿಗೆ ಬಂದ ಪ್ರತಿಯೊಂದು ಬುಷ್ಷು, ಗೇರು, ಶಾಫ್ಟನ್ನೂ ಠಾಣೆಗೆ ಬಂದ ಹಳೇ ಕಳ್ಳನನ್ನು ನೋಡುವ ಹಾಗೆ ನೋಡಿದವರು. ಸರಿಯಿದ್ದರೆ ಹಿತ್ತಾಳೆಯ ಮುದ್ರೆಯಲ್ಲಿ ‘ಓಕೆ 17’. ಸರಿಯಿಲ್ಲದಿದ್ದರೆ ಒಂದು ಬೊಟ್ಟು ಕೆಂಪು ಬಣ್ಣ, ಪಕ್ಕದಲ್ಲಿ ಮತ್ತೆ 17. ಹದಿನೇಳು ಅವರ ನಂಬರು. ಕಾರ್ಖಾನೆಯಲ್ಲಿ ಅವರ ಪೂರ್ತಿ ಹೆಸರು ಗೊತ್ತಿದ್ದವರು ನಾಲ್ಕು ಜನ. ಹದಿನೇಳು ಎಂದರೆ ಕ್ಯಾಂಟೀನಿನವನೂ ಎದ್ದು ನಿಲ್ಲುತ್ತಿದ್ದ.

ಈ ವಿದ್ಯೆಯನ್ನು ಅವರಿಗೆ ಧಾರೆಯೆರೆದವರು ನಲ್ಲಪ್ಪ ಮೇಸ್ತ್ರಿ. ಮೇಸ್ತ್ರಿ ಹೇಳಿಕೊಟ್ಟ ಸೂತ್ರಗಳು ಎರಡೇ. ಕೆಂಪು ಹಚ್ಚಿದವನೇ ಕೆಂಪು ಒರೆಸಬೇಕು, ಜನರಲ್ ಮ್ಯಾನೇಜರೇ ಬಂದರೂ ಇನ್ನೊಬ್ಬ ಮುಟ್ಟಕೂಡದು. ಮತ್ತೆ, ಮೊದಲು ಪರೀಕ್ಷೆ, ಆಮೇಲೆ ಮುದ್ರೆ. ವೆಂಕಟಸುಬ್ಬಯ್ಯನವರು ಇವೆರಡನ್ನು ಸಂಧ್ಯಾವಂದನೆಗಿಂತ ನಿಷ್ಠೆಯಿಂದ ನಡೆಸಿಕೊಂಡು ಬಂದರು. ನಿವೃತ್ತರಾದ ಮೇಲೆ ಪರೀಕ್ಷಿಸಲು ಬುಷ್ಷುಗಳಿಲ್ಲದೆ ದೋಸೆಗಳನ್ನು ಹಿಡಿದುಕೊಂಡರು. ಒಂದು ಬೆಳಿಗ್ಗೆ ದೋಸೆಯ ದಪ್ಪ ಅಳೆಯಲು ವರ್ನಿಯರ್ ಹೊರಗೆ ಬಂದದ್ದನ್ನು ಕಂಡ ಸೀತಮ್ಮ, “ಈ ಮನೇಲಿ ಮೂವತ್ತು ವರ್ಷದಿಂದ ಒಂದಕ್ಕೂ ಓಕೆ ಬಿದ್ದಿಲ್ಲ. ಎಲ್ಲಾದ್ರೂ ಕೆಲಸಕ್ಕೆ ಹೋಗಿ,” ಎಂದರು. ಹಾಗೆ ಹದಿನೇಳನೇ ನಂಬರು ಪೀಣ್ಯ ಎರಡನೇ ಹಂತದ ಪರಮಾನಂದನ ವರ್ಕ್‌ಶಾಪಿಗೆ ದಯಮಾಡಿಸಿತು.

ಪರಮಾನಂದನ ಶೆಡ್ಡಿನಲ್ಲಿ ಕಂಪನಿಗಳಿಗೆ ಹಿತ್ತಾಳೆ ಬುಷ್, ಅಂದರೆ ಶಾಫ್ಟು ಕೂರುವ ಬಳೆ, ಮಾಡುತ್ತಿದ್ದರು. ಪರೀಕ್ಷೆಯ ಮೇಜಿನ ಮೇಲೆ, ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯೊಳಗೆ, ಇಸ್ಪೀಟಿನ ಎಲೆಯಷ್ಟು ಅಗಲದ ಒಂದು ಹಸಿರು ಹಲಗೆ ಇತ್ತು. ಅದೇ ಕಂಪ್ಯೂಟರಂತೆ, ಪಕ್ಕದಲ್ಲೊಂದು ಸಣ್ಣ ಪರದೆ. ಹಲಗೆಯ ಅಂಚಿಗೆ ನಾಲ್ಕು ಯುಎಸ್‌ಬಿ ಕಿಂಡಿ. ಒಂದಕ್ಕೆ ಅಳತೆಯ ಗೇಜು, ಒಂದಕ್ಕೆ ಪ್ರಿಂಟರು, ಒಂದಕ್ಕೆ ಕೀಬೋರ್ಡು. ನಾಲ್ಕನೆಯದು ಖಾಲಿ. ಖಾಲಿ ಇದ್ದ ಜಾಗಕ್ಕೆ ಜನ ಸೇರುವುದು ಲೋಕರೂಢಿ. ಇಲ್ಲಿ ಚಾರ್ಜಿಗೆಂದು ಮೊಬೈಲುಗಳು ಸೇರಿದವು.

ಮುಂದಾಳು ಕೊಟ್ರಪ್ಪ. ಕುಷ್ಟಗಿ ಕಡೆಯವನು, ಲೇತಿನ ಮೇಲೆ ಎಂಟು ವರ್ಷದಿಂದ ಇದ್ದವನು. ಅವನ ಬಾಡಿಗೆ ರೂಮಿನಲ್ಲಿ ಕರೆಂಟು ಇರುವ ಹೊತ್ತಿಗೆ ಅವನಿರುತ್ತಿರಲಿಲ್ಲ, ಅವನಿರುವ ಹೊತ್ತಿಗೆ ಕರೆಂಟು ಇರುತ್ತಿರಲಿಲ್ಲ. ಆಗಸ್ಟ್ ತಿಂಗಳಲ್ಲೊಂದು ದಿನ ಅವನು ಫೋನು ಚುಚ್ಚಿದ ಕೂಡಲೇ ಹಲಗೆ ಎಚ್ಚರ ತಪ್ಪಿ, ಅರ್ಧ ದಿನದ ಅಳತೆಗಳು ಗಾಳಿಗೆ ಹೋದವು. ವೆಂಕಟಸುಬ್ಬಯ್ಯನವರು ರೌದ್ರಾವತಾರ ತಾಳಿ, ಹಲಗೆ ಕೂರಿಸಿಕೊಟ್ಟಿದ್ದ ಭುವನೇಶ್ವರಿಯವರಿಗೆ ಫೋನು ಹಚ್ಚಿದರು. ಇಂಥ ನಲವತ್ತು ವರ್ಕ್‌ಶಾಪುಗಳ ಹಲಗೆಗಳನ್ನು ಸಂಭಾಳಿಸುವ ಹೆಂಗಸು ಆಕೆ.

“ಆ ಕಿಂಡಿ ಮುಚ್ಚಿಸಿಬಿಡಿಯಮ್ಮ. ಯಾರಪ್ಪನಿಗೂ ತೆಗೆಯೋಕೆ ಆಗಬಾರದು.”

“ಆಯ್ತು ಸಾರ್, ಮಾಡ್ತೀನಿ.”

ಆಕೆ ರಬ್ಬರಿನ ಮುಚ್ಚಳವನ್ನೋ ತಗಡಿನ ಚೂರನ್ನೋ ತರುತ್ತಾರೆಂದು ಇವರು ಎರಡು ದಿನ ಕಾದರು. ಯಾರೂ ಬರಲಿಲ್ಲ. ಈಗಿನವರ ಮಾತೇ ಇಷ್ಟು ಎಂದುಕೊಂಡು, ಕಪ್ಪು ಇನ್ಸುಲೇಷನ್ ಟೇಪು ಹರಿದು ಕಿಂಡಿಗೆ ತಾವೇ ಅಂಟಿಸಿ, ಅದರ ಮೇಲೆ ಕೆಂಪು ಬೊಟ್ಟಿಟ್ಟು 17 ಎಂದು ಬರೆದರು. ಅಂದಿನಿಂದ ಅವರ ಕಣ್ಣಿಗೆ ಅಲ್ಲಿ ಒಂದು ಮೊಬೈಲೂ ಬೀಳಲಿಲ್ಲ. ಟೇಪಿನ ಮಹಿಮೆಯನ್ನು ವೆಂಕಟಸುಬ್ಬಯ್ಯನವರು ಊಟದ ಹೊತ್ತಿಗೆ ಮೂರು ಸಲ ಹೇಳಿದರು.

ನವೆಂಬರಿನಲ್ಲಿ, ರಾಜ್ಯೋತ್ಸವದ ಬಾವುಟ ಇನ್ನೂ ಶಟರಿನ ಮೇಲಿದ್ದಾಗಲೇ, ದೊಡ್ಡ ಬುಷ್ಷುಗಳ ಆರ್ಡರು ಬಂತು, ಒಂದು ಬುಧವಾರ ಅದಕ್ಕೆ ಹೊಸ ಗೇಜೂ ಬಂತು. ಅದನ್ನು ನಾಲ್ಕನೇ ಕಿಂಡಿಗೆ ಸಿಕ್ಕಿಸಬೇಕು. ಕೆಂಪು ಹಚ್ಚಿದವನೇ ಒರೆಸಬೇಕಲ್ಲ, ವೆಂಕಟಸುಬ್ಬಯ್ಯನವರು ಕೈ ತೊಳೆದು ಬಂದು, ನಾಲ್ಕು ಜನರ ಸಮಕ್ಷಮದಲ್ಲಿ, ಗರ್ಭಗುಡಿಯ ಪರದೆ ಸರಿಸುವವರ ಗಾಂಭೀರ್ಯದಿಂದ ಟೇಪು ಬಿಚ್ಚಿದರು. ಗೇಜು ಸಿಕ್ಕಿಸಿದರು. ಏನೂ ಆಗಲಿಲ್ಲ. ತೆಗೆದು ಮಗುಚಿ ಸಿಕ್ಕಿಸಲು ನೋಡಿದರು, ಹೋಗಲಿಲ್ಲ. ಮತ್ತೆ ಮೊದಲಿನ ಹಾಗೆ ಸಿಕ್ಕಿಸಿದರು. ಗೇಜಿನ ದೀಪ ಕಣ್ಣೇ ಬಿಡಲಿಲ್ಲ.

ಅದೇ ಗೇಜನ್ನು ಪ್ರಿಂಟರಿನ ಕಿಂಡಿಗೆ ಹಾಕಿದರೆ ಟಣ್ಣಂತ ಹತ್ತಿಕೊಂಡಿತು.

“ಈ ಕಿಂಡೀನ ಯಾರು ಮುಟ್ಟಿದ್ರು?”

ಕೊಟ್ರಪ್ಪ ಸುಳ್ಳು ಹೇಳುವ ಜಾತಿಯವನಲ್ಲ. ಅದೇ ಅವನಿಗೆ ಮುಳುವಾಯಿತು. “ಒಂದ್ ಸಲ ನಿಮ್ಮ ಪಟ್ಟಿ ಬಿಚ್ಚಿ ಫೋನ್ ಹಚ್ಚಿದ್ದೆರಿ ಸರ. ಚಾರ್ಜ್ ಏರ್ಲಿಲ್ಲ. ಮತ್ತ ಹಂಗ ಅಂಟಿಸಿಬಿಟ್ಟೆ.”

“ನನ್ನ ಕೆಂಪನ್ನ ನೀನು ಬಿಚ್ಚಿದ್ಯಾ?”

“ಅಂಟಿಸಿದ್ನೆಲ್ರಿ ವಾಪಸ್.”

ಮೂವತ್ತಾರು ವರ್ಷದಲ್ಲಿ ಇಂಥ ಅಪಚಾರ ನಡೆದಿರಲಿಲ್ಲ. ವೆಂಕಟಸುಬ್ಬಯ್ಯನವರು ನೇರವಾಗಿ ಹೋಗಿ ಬ್ರೇಕ್‌ಡೌನ್ ರಿಜಿಸ್ಟರಿನಲ್ಲಿ ಕೆಂಪು ಶಾಯಿಯಿಂದ ಬರೆದರು: ‘ನಾಲ್ಕನೇ ಕಿಂಡಿ ಸುಟ್ಟಿದೆ. ಕಾರಣ: ಕೊಟ್ರಪ್ಪ.’ ಪರಮಾನಂದ ಅದನ್ನು ಓದಿ, “ಸರಿ ಬಿಡಿ ಸಾರ್. ಶನಿವಾರ ಆ ಮೇಡಂ ಬರ್ಲಿ. ಸುಟ್ಟಿದೆ ಅಂತ ಅವರೂ ಅಂದ್ರೆ ಸೋಮವಾರದಿಂದ ಇವನು ಪ್ಯಾಕಿಂಗ್‌ಗೆ. ಲೇತಿಗೆ ಬೇರೆಯವರನ್ನ ಹಾಕ್ತೀನಿ,” ಎಂದ.

ಎಂಟು ವರ್ಷ ಲೇತು ನಡೆಸಿದ ಕೈಗೆ ರಟ್ಟಿನ ಡಬ್ಬಿ ಅಂಟಿಸುವ ಕೆಲಸ. ಕೊಟ್ರಪ್ಪ ಲೇತಿನ ಹತ್ತಿರ ಹೋಗಿ ಬಟ್ಟೆ ತೆಗೆದುಕೊಂಡು ಅದರ ಹಾಸನ್ನು ಒರೆಸತೊಡಗಿದ. ಅದು ಮೊದಲೇ ಹೊಳೆಯುತ್ತಿತ್ತು.

ಆ ಒರೆಸುವಿಕೆ ವೆಂಕಟಸುಬ್ಬಯ್ಯನವರ ಎದೆಯಲ್ಲಿ ಸಣ್ಣ ಕಸದಂತೆ ಕೂತಿತು. ಮೂರು ವರ್ಷದಲ್ಲಿ ಅವರು ಶೆಡ್ಡಿನಲ್ಲಿ ಎಲ್ಲರ ಕೆಲಸಕ್ಕೂ ಕೆಂಪು ಹಚ್ಚಿದ್ದರು. ಕೊಟ್ರಪ್ಪನ ಬುಷ್ಷಿಗೆ ಒಂದು ಸಲವೂ ಹಚ್ಚಿರಲಿಲ್ಲ. ಗುರುವಾರ ಭೂತಗನ್ನಡಿ ತೆಗೆದುಕೊಂಡು ಕಿಂಡಿಯ ಮುಂದೆ ಕೂತರು. ಟಾರ್ಚು ಬಿಟ್ಟು ನೋಡಿದರು. ಮಸಿಯಿಲ್ಲ, ಸುಟ್ಟ ವಾಸನೆಯಿಲ್ಲ. ಒಳಗಿನ ನಾಲ್ಕು ಪಟ್ಟಿಗಳು ಪಕ್ಕದ ಕಿಂಡಿಯವುಗಳಷ್ಟೇ ಹೊಳೆಯುತ್ತಿದ್ದವು. ಶುಕ್ರವಾರ ವರ್ನಿಯರ್ ಹಿಡಿದು ಎರಡೂ ಕಿಂಡಿಗಳ ಅಗಲ, ಎತ್ತರ ಅಳೆದರು. ಕೂದಲೆಳೆಯ ವ್ಯತ್ಯಾಸವಿಲ್ಲ. ಒಂದೇ ಅಳತೆಯ ಎರಡು ಮಾಲು, ಒಂದು ಪಾಸು, ಒಂದು ಫೇಲು. ಇದನ್ನು ನಲ್ಲಪ್ಪ ಮೇಸ್ತ್ರಿ ಕೇಳಿದ್ದರೆ ಸನ್ಯಾಸ ತೆಗೆದುಕೊಳ್ಳುತ್ತಿದ್ದರು. ಆ ರಾತ್ರಿ ವೆಂಕಟಸುಬ್ಬಯ್ಯನವರು ಸಾರಿಗೆ ಉಪ್ಪು ಕಡಿಮೆಯೆಂದು ಹೇಳುವುದನ್ನೇ ಮರೆತರು. ಸೀತಮ್ಮ ಅವರ ಹಣೆ ಮುಟ್ಟಿ ನೋಡಿದರು.

ಶನಿವಾರ ಹನ್ನೊಂದು ಗಂಟೆಗೆ ಭುವನೇಶ್ವರಿ ಸ್ಕೂಟರಿನಲ್ಲಿ ಬಂದರು. ಸುಟ್ಟಿದೆಯೆಂದು ಫೋನಿನಲ್ಲಿ ಕೇಳಿದ್ದರಿಂದ ಬದಲಿ ಹಲಗೆಯನ್ನೂ ತಂದಿದ್ದರು. ಡಬ್ಬಿ ಬಿಚ್ಚುವ ಮೊದಲು ಕೀಬೋರ್ಡು ಎಳೆದುಕೊಂಡು ಏನೋ ಕುಟ್ಟಿದರು, ಪರದೆ ನೋಡಿದರು, ಹುಬ್ಬು ಮೇಲಕ್ಕೆ ಹೋಯಿತು.

“ಇದು ಸುಟ್ಟಿಲ್ಲ ಸಾರ್. ಮುಚ್ಚಿದೆ.”

“ಎಲ್ಲಿ ಮುಚ್ಚಿದೆ? ಟೇಪು ನಾನೇ ಬಿಚ್ಚಿದ್ದೀನಿ.”

“ಟೇಪಲ್ಲ ಸಾರ್, ಒಳಗೆ. ಈ ಹಲಗೆ ಎದ್ದಾಗಲೆಲ್ಲ ಮೊದಲು ಈ ಫೈಲು ಓದ್ಕೊಳ್ಳುತ್ತೆ. ಯಾವ ಕಿಂಡಿ ಇದೆ, ಯಾವುದು ಇಲ್ಲ ಅಂತ ಇದ್ರಲ್ಲಿ ಬರೆದಿರುತ್ತೆ. ಇಲ್ಲ ಅಂತ ಬರೆದಿದ್ರೆ ಅದಕ್ಕೆ ಕರೆಂಟೂ ಕೊಡಲ್ಲ.”

“ಇಲ್ಲ ಅಂದ್ರೆ? ಕಿಂಡಿ ಇಲ್ಲೇ ಇದೆಯಲ್ಲಮ್ಮ. ಬೆರಳಿಟ್ಟಿದ್ದೀನಿ ನೋಡಿ.”

“ನಿಮಗೆ ಇದೆ ಸಾರ್. ಅದಕ್ಕಿಲ್ಲ.”

ವೆಂಕಟಸುಬ್ಬಯ್ಯನವರು ಬೆರಳು ತೆಗೆಯಲಿಲ್ಲ. ತೆಗೆದರೆ ಕಿಂಡಿ ನಿಜವಾಗಿಯೂ ಮಾಯವಾದೀತೆಂಬ ಅನುಮಾನ ಅವರಿಗೆ. ಬಾಗಿಲಿಲ್ಲ, ಬೀಗವಿಲ್ಲ, ಆದರೂ ಮುಚ್ಚಿದೆ. ಅಳತೆಯಿದೆ, ಹೊಳಪಿದೆ, ಆದರೂ ಇಲ್ಲ.

“ಮುಚ್ಚಿದವರು ಯಾರು? ಅವರೇ ತೆಗೀಬೇಕು. ನಂಬರೇನಾದ್ರೂ ಹಾಕಿದ್ದಾರಾ?”

ಭುವನೇಶ್ವರಿ ಪರದೆಯನ್ನು ಅವರ ಕಡೆ ತಿರುಗಿಸಿದರು. ಸಾಲಿನ ಕೊನೆಯಲ್ಲಿ ಇಂಗ್ಲಿಷಿನಲ್ಲಿ ಒಂದು ಟಿಪ್ಪಣಿ ಇತ್ತು: ವೆಂಕಟಸುಬ್ಬಯ್ಯ ಸಾರ್ ಫೋನಿನಲ್ಲಿ ಹೇಳಿದಂತೆ ಮುಚ್ಚಿದೆ, ಆಗಸ್ಟ್ ಹನ್ನೆರಡು.

“ನಾನೇ ಆಫೀಸಿಂದ ಮಾಡಿದ್ದೆ ಸಾರ್, ನೆಟ್ಟಲ್ಲಿ. ನಲವತ್ತು ಹಲಗೆಯಲ್ಲಿ ನನಗೂ ಮರ್ತೋಗಿತ್ತು. ನೀವು ಹೇಳಿದ ಅರ್ಧ ಗಂಟೇಲಿ ಮುಚ್ಚಿದ್ದೀನಿ ನೋಡಿ.”

ಅಂದರೆ ಮಹಿಮೆ ಟೇಪಿನದಾಗಿರಲಿಲ್ಲ. ಪರಮಾನಂದ ಕೆಮ್ಮಿದ. ಕೊಟ್ರಪ್ಪ ಲೇತು ನಿಲ್ಲಿಸಿ, ಕೈ ಒರೆಸಿಕೊಳ್ಳುತ್ತ ಹತ್ತಿರ ಬಂದು ನಿಂತ.

“ತೆಗೆಯೋದು ಹೇಗೆ?” ಎಂದರು ವೆಂಕಟಸುಬ್ಬಯ್ಯನವರು, ಸಣ್ಣ ದನಿಯಲ್ಲಿ.

“ಸುಲಭ ಸಾರ್. ಇಲ್ಲಿ ‘ಡಿಸೇಬಲ್ಡ್’ ಅಂತಿದೆಯಲ್ಲ, ಅದನ್ನ ಅಳಿಸಿ ‘ಓಕೆ’ ಅಂತ ಬರೀಬೇಕು. ನಿಮ್ಮ ಕೈಯಲ್ಲೇ ಬರೀರಿ, ನಿಯಮ ನಿಮ್ಮದೇ.”

ಕೈ ಕೀಬೋರ್ಡಿನವರೆಗೆ ಹೋಗಿ ನಿಂತುಬಿಟ್ಟಿತು. “ಪರೀಕ್ಷೆ ಮಾಡದೆ ಓಕೆ ಹೇಗಮ್ಮ ಬರೆಯೋದು? ಮೊದಲು ಕೆಲಸ ಮಾಡಿ ತೋರಿಸ್ಲಿ, ಬರೀತೀನಿ.”

“ಬರೆಯೋವರೆಗೂ ಕೆಲಸ ಮಾಡಲ್ಲ ಸಾರ್.”

“ಕೆಲಸ ಮಾಡದೇ ಇರೋದಕ್ಕೆ ಓಕೆ ಬರೆಯೋದಾ?”

“ಓಕೆ ಬರೆದ್ರೆ ಕೆಲಸ ಮಾಡುತ್ತೆ.”

“ನಮ್ಮಲ್ಲಿ ಓಕೆ ಇದ್ರೆ ಓಕೆ ಅಂತ ಬರೀತಿದ್ವಿ. ನಿಮ್ಮಲ್ಲಿ ಓಕೆ ಅಂತ ಬರೆದ್ರೆ ಓಕೆ ಆಗುತ್ತಾ?”

“ಹೂಂ ಸಾರ್. ಅಷ್ಟೇ.”

ವೆಂಕಟಸುಬ್ಬಯ್ಯನವರು ಸ್ಟೂಲಿನ ಮೇಲೆ ಕೂತರು. ತಲೆಯೊಳಗೆ ನಲ್ಲಪ್ಪ ಮೇಸ್ತ್ರಿಯ ಎರಡು ಸೂತ್ರಗಳು ಟಗರುಗಳ ಹಾಗೆ ಗುದ್ದಾಡುತ್ತಿದ್ದವು. ಕೆಂಪು ಹಚ್ಚಿದವರು ಅವರೇ, ಆದ್ದರಿಂದ ಅವರೇ ಒರೆಸಬೇಕು. ಒರೆಸಬೇಕಾದರೆ ಪರೀಕ್ಷಿಸದೆ ಓಕೆ ಬರೆಯಬೇಕು. ಭುವನೇಶ್ವರಿ ಗಡಿಯಾರ ನೋಡಿಕೊಂಡರು. “ನಾನೇ ಬರೆದುಬಿಡ್ಲಾ ಸಾರ್?” ಎಂದರೆ, ಕೂಡದೆಂದು ಕೈ ಅಡ್ಡ ಹಿಡಿದರು, ಬರೆಯಲೂ ಇಲ್ಲ.

ಕೊಟ್ರಪ್ಪ ಒಂದು ಹೆಜ್ಜೆ ಮುಂದೆ ಬಂದ. “ಸರ, ಒಂದ್ ಮಾತ್ ಕೇಳ್ಲೇನ್ರಿ?”

“ಏನು?”

“ಬುಧವಾರ ನನ್ನ ಹೆಸರ ಮ್ಯಾಲೆ ಕೆಂಪು ಬರೆದ್ರೆಲ್ರಿ ರಿಜಿಸ್ಟರ್‌ದಾಗ. ಅವತ್ತ ಮೊದಲ ಚೆಕ್ ಮಾಡಿ ಬರೆದ್ರೇನ್ರಿ, ಬರೆದು ಆಮ್ಯಾಲೆ ಚೆಕ್ ಮಾಡಿದ್ರೇನ್ರಿ?”

ವೆಂಕಟಸುಬ್ಬಯ್ಯನವರು ಕನ್ನಡಕ ತೆಗೆದರು, ಅಂಗಿಯ ತುದಿಯಲ್ಲಿ ಒರೆಸಿದರು, ಹಾಕಿಕೊಂಡರು. ಭೂತಗನ್ನಡಿ ಹೊರಗೆ ಬಂದದ್ದು ಗುರುವಾರ. ಕೆಂಪು ಶಾಯಿ ಹೊರಗೆ ಬಂದದ್ದು ಬುಧವಾರ.

ಅವರು ಕೀಬೋರ್ಡಿನ ಕಡೆ ತಿರುಗಿ ಒಂದೇ ಬೆರಳಿನಲ್ಲಿ ಓ, ಕೆ ಎಂದು ಎರಡು ಅಕ್ಷರ ಒತ್ತಿದರು.

“ಇನ್ನೂ ಎರಡಿದೆ ಸಾರ್. ಎ, ವೈ. ಇದು ಪೂರ್ತಿ ಬರೆಯೋ ಓಕೆ.”

“ಇದಕ್ಕೆ ಬೇರೆ ಬಾಲ,” ಎಂದು ಗೊಣಗಿ ಅವನ್ನೂ ಒತ್ತಿದರು. ಭುವನೇಶ್ವರಿ ಹಳೆಯ ಟಿಪ್ಪಣಿಯನ್ನು ಅಳಿಸಲು ಹೊರಟಾಗ ತಡೆದರು. “ಬೇಡ, ಇರ್ಲಿ. ಮುಚ್ಚಿಸಿದವನ ಹೆಸರಿರಲಿ. ಪಕ್ಕದಲ್ಲಿ ತೆಗೆದವನು ಹದಿನೇಳು ಅಂತ ಸೇರ್ಸಿ.”

ಹಲಗೆ ಮಲಗಿ ಎದ್ದಿತು. ಒಂದು ನಿಮಿಷದ ಮೇಲೆ ಗೇಜಿನ ಹಸಿರು ದೀಪ ಕಣ್ಣು ಬಿಟ್ಟಿತು, ಪರದೆಯ ಮೇಲೆ ಸೊನ್ನೆಗಳು ಸಾಲಾಗಿ ಬಂದು ನಿಂತವು. ವೆಂಕಟಸುಬ್ಬಯ್ಯನವರು ಬುಷ್ಷೊಂದನ್ನು ಇಟ್ಟು ಅಳೆದರು. ತೆಗೆದು ವರ್ನಿಯರಿನಲ್ಲಿ ಅಳೆದರು. ಎರಡೂ ತಾಳೆಯಾದವು. ಬಗ್ಗಿ ಕಿಂಡಿಯನ್ನು ನೋಡಿದರು. ಅದು ಗುರುವಾರ ಇದ್ದ ಹಾಗೆಯೇ ಇತ್ತು, ಏನೂ ಗೊತ್ತಿಲ್ಲದ ಮುಖ ಮಾಡಿಕೊಂಡು.

ಎದ್ದು ಹೋಗಿ ರಿಜಿಸ್ಟರು ತೆಗೆದರು. ಕೊಟ್ರಪ್ಪನ ಹೆಸರನ್ನು ಅಳತೆಪಟ್ಟಿಯಿಟ್ಟು ನೇರವಾಗಿ ಹೊಡೆದುಹಾಕಿ, ಕೆಳಗೆ ಬರೆದರು: ‘ಕಿಂಡಿ ಸುಟ್ಟಿರಲಿಲ್ಲ. ಕಾರಣ: 17. ಪರೀಕ್ಷಿಸದೆ ಕೆಂಪು ಹಚ್ಚಿದ್ದು.’ ಪರಮಾನಂದ ಓದಿ, ಸೋಮವಾರದ ಕೆಲಸದ ಚೀಟಿಯಲ್ಲಿ ಲೇತಿನ ಎದುರು ಮತ್ತೆ ಕೊಟ್ರಪ್ಪನ ಹೆಸರು ಹಾಕಿದ.

“ಸರ,” ಎಂದು ಕೊಟ್ರಪ್ಪ ಗ್ರೀಸು ಹತ್ತಿದ ಅಂಗೈ ಚಾಚಿದ, “ನನಗೂ ಒಂದ್ ಓಕೆ ಹಾಕಿಬಿಡ್ರಲ್ಲ.”

ವೆಂಕಟಸುಬ್ಬಯ್ಯನವರು ಆ ಕೈಯನ್ನು ಹಿಡಿದು, ಬೆಳಕಿಗೆ ತಿರುಗಿಸಿ, ಕನ್ನಡಕದ ಮೇಲಿನಿಂದ ಒಮ್ಮೆ, ಕೆಳಗಿನಿಂದ ಒಮ್ಮೆ ನೋಡಿದರು.

“ತಡಿಯಪ್ಪ,” ಎಂದರು. “ನಿನ್ನನ್ನಾದ್ರೂ ಮೊದಲು ಚೆಕ್ ಮಾಡ್ತೀನಿ.”