ನಾನು ಮುಟ್ಟದ ಎಡ ಮೊಣಕಾಲು

ಇಂಗ್ಲೆಂಡಿನ ವಿದನ್‌ಶಾದ ಆಸ್ಪತ್ರೆಯಲ್ಲಿ ನಾನು ಫಿಸಿಯೋಥೆರಪಿಸ್ಟ್. ಆ ವರ್ಷಗಳಲ್ಲಿ ವಾರಕ್ಕೊಂದು ಸಂಜೆ ಒಂದು ಸಣ್ಣ ಬ್ಯಾಸ್ಕೆಟ್‌ಬಾಲ್ ಕ್ಲಬ್ಬಿಗೂ ಹೋಗುತ್ತಿದ್ದೆ. ಆಟದ ತಲೆಬುಡ ನನಗೆ ಗೊತ್ತಿರಲಿಲ್ಲ. ಹುಬ್ಬಳ್ಳಿಯ ಶಾಲೆಯಲ್ಲಿ ನಾನು ಆಡಿದ್ದು ಥ್ರೋಬಾಲ್, ಅದೂ ಕಾಟಾಚಾರಕ್ಕೆ. ಆದರೆ ಮೊಣಕಾಲು ಗೊತ್ತಿತ್ತು. ಕ್ಲಬ್ಬಿನವರಿಗೆ ಅಷ್ಟು ಸಾಕಿತ್ತು.

ಅಲ್ಲಿನ ಹಳೆಯ ಆಟಗಾರನೊಬ್ಬ ಅಮೆರಿಕದವನು. ಒಂದೇ ಸೀಸನ್ನಿಗೆಂದು ಬಂದವನು ಹನ್ನೊಂದು ವರ್ಷದಿಂದ ಇಲ್ಲೇ ಇದ್ದ. ಇಲ್ಲಿಯವಳನ್ನೇ ಮದುವೆಯಾಗಿ, ಇಬ್ಬರು ಹೆಣ್ಣುಮಕ್ಕಳ ತಂದೆಯಾಗಿ, ಜಿಪಿ ಡಾಕ್ಟರ ಅಪಾಯಿಂಟ್‌ಮೆಂಟ್ ಸಿಗುವುದಿಲ್ಲವೆಂದು ನಮ್ಮೆಲ್ಲರಂತೆ ಗೊಣಗುತ್ತಿದ್ದ. ವಯಸ್ಸು ಮೂವತ್ತಾರು. ನೋವು ಅಂದವನ ಜಾಗಕ್ಕೆ ಮುಂದಿನ ವಾರವೇ ಅಮೆರಿಕದಿಂದ ಇನ್ನೊಬ್ಬ ಬಂದಿಳಿಯುವುದನ್ನು ಮೊದಲ ವರ್ಷವೇ ಕಣ್ಣಾರೆ ಕಂಡಿದ್ದ. ಹಾಗಾಗಿ ಆ ಪದ ಅವನ ಬಾಯಿಂದ ಬರುತ್ತಲೇ ಇರಲಿಲ್ಲ. ಆ ಸಲ ಕ್ಲಬ್ಬಿನವರು ಕಡ್ಡಿ ಮುರಿದಂತೆ ಹೇಳಿದ್ದರು: ತಪಾಸಣೆಯಲ್ಲಿ ಪಾಸಾದರೆ ಇನ್ನೊಂದು ಸೀಸನ್, ಇಲ್ಲದಿದ್ದರೆ ಆಟ ಮುಗಿಯಿತು.

ತಪಾಸಣೆ ಮಾಡಬೇಕಾದವಳು ನಾನು. ನಮ್ಮ ಕೆಲಸದಲ್ಲಿ ಒಂದು ಪದ್ಧತಿಯಿದೆ. ಮೊದಲು ನೋವಿಲ್ಲದ ಕಾಲನ್ನು ಹಿಡಿದು ನೋಡುತ್ತೇವೆ. ಅದರ ಬಿಗಿ ಕೈಗೆ ಗೊತ್ತಾದ ಮೇಲೆ ಇನ್ನೊಂದನ್ನು ಹಿಡಿದು ಹೋಲಿಸುತ್ತೇವೆ. ಅದು ಆಗಸ್ಟ್, ರಂಜಾನ್. ಇಲ್ಲಿ ಬೇಸಗೆಯ ಹಗಲು ಮುಗಿಯುವುದೇ ಇಲ್ಲ. ಸಂಜೆಯ ಕೊನೆಯ ಆಟಗಾರನಾಗಿ ಅವನು ಬಂದಾಗ ನನಗೆ ತಲೆ ಸಿಡಿಯುತ್ತಿತ್ತು.

“ಯಾವ ಕಾಲು ತೊಂದರೆ ಕೊಡ್ತಿದೆ?” ಎಂದೆ.

“ಯಾವುದೂ ಇಲ್ಲ” ಎಂದು ಬಲಗಾಲು ಚಾಚಿದ. ಕಲ್ಲಿನಂತೆ ಗಟ್ಟಿಯಾಗಿತ್ತು. ಎಡಗಾಲಿಗೆ ಕೈ ಹಾಕುವಷ್ಟರಲ್ಲಿ, “ನಿಮ್ಮ ಉಪವಾಸ ಬಿಡೋ ಹೊತ್ತಾಯ್ತಲ್ಲ? ಮನೆಗೆ ಹೋಗಿ, ಮಕ್ಕಳು ಕಾಯ್ತಿರ್ತಾರೆ” ಅಂದ.

ಕರಗಿಹೋದೆ. ನನಗೆ ರೋಜಾ ಇದೆಯೆಂಬುದು ಆ ಕ್ಲಬ್ಬಿನಲ್ಲಿ ಬೇರೆ ಯಾರಿಗೂ ನೆನಪಿರುತ್ತಿರಲಿಲ್ಲ. ಎರಡೂ ಕಾಲು ಸರಿಯಿವೆ ಎಂದು ಬರೆದು, ಸಹಿ ಹಾಕಿ, ಕಾರಿನತ್ತ ಓಡಿದೆ.

ನವೆಂಬರಿನಲ್ಲಿ ಲೀಡ್ಸ್‌ನಲ್ಲಿ ಪಂದ್ಯ, ತಂಡದ ಜೊತೆ ನಾನೂ ಹೋಗಿದ್ದೆ. ಅವನು ಹಾರಿ ಕೆಳಗಿಳಿದ. ಯಾರೂ ತಾಗಿರಲಿಲ್ಲ, ಆದರೂ ಕುಸಿದು ಬಿದ್ದ. ಓಡಿಹೋಗಿ ಅವನ ಎಡ ಮೊಣಕಾಲನ್ನು ಹಿಡಿದೆ. ಸಡಿಲಾದ ಚಿಲಕದ ಹಾಗೆ ಅಲುಗಾಡುತ್ತಿತ್ತು. ಯಾ ಅಲ್ಲಾ, ಇದು ಇವತ್ತಿನ ಪೆಟ್ಟಲ್ಲ ಎಂದು ಕೈಗೆ ಒಂದೇ ಕ್ಷಣದಲ್ಲಿ ತಿಳಿಯಿತು. ಅಷ್ಟರಲ್ಲಿ ಅವನ ಹೆಂಡತಿ ಗ್ಯಾಲರಿಯಿಂದ ಕೆಳಗೆ ಓಡಿಬಂದಳು. “ನೀವೇ ನೋಡಿ ಪಾಸ್ ಮಾಡಿದ್ರಲ್ಲ?” ಎಂದಳು. ನಾನು ಹೌದೆಂದು ತಲೆಯಾಡಿಸಿದೆ, ಅಷ್ಟೇ.

ಆಸ್ಪತ್ರೆಯಲ್ಲಿ ನನ್ನ ಜೊತೆ ಕೆಲಸ ಮಾಡುವ ಮೈಸೂರಿನ ಹುಡುಗಿಗೆ ಮಾತ್ರ ಎಲ್ಲ ಹೇಳಿದೆ.

“ಬಿಡಿ ಅಕ್ಕಾ, ಸುಳ್ಳು ಹೇಳಿದ್ದು ಅವನು ತಾನೆ?”

“ಸಹಿ ಹಾಕಿದ್ದು ನಾನು ಕಣೆ.”

“ಒಂದಿನ ಸುಸ್ತಾಗಿತ್ತು, ಅಷ್ಟೇ. ಸುಮ್ನೆ ತಲೆ ಕೆಡಿಸ್ಕೋಬೇಡಿ.”

ತಲೆ ಕೆಡಿಸಿಕೊಳ್ಳದೆ ಮತ್ತೇನು ಮಾಡಲಿ? ಆಗಸ್ಟಿನಲ್ಲೇ ಗೊತ್ತಾಗಿದ್ದರೆ ಆಪರೇಷನ್ ಮಾಡಿ ಕಾಲನ್ನು ಚೆನ್ನಾಗಿಯೇ ಉಳಿಸಬಹುದಿತ್ತಂತೆ. ಈಗ ಮೆಟ್ಟಿಲು ಹತ್ತಿದರೆ ಅದೇ ದೊಡ್ಡದು. ಅವನ ಮೇಲೂ ಸಿಟ್ಟಿತ್ತು ನನಗೆ. ನನ್ನ ಹಸಿವನ್ನೇ ದಾಳ ಮಾಡಿಕೊಂಡನಲ್ಲ!

ಆಪರೇಷನ್ ಆದ ಮೇಲೆ ಮನೆಗೆ ಹೋಗಿ, ನಾನು ಎಡಗಾಲನ್ನು ನೋಡಿರಲೇ ಇಲ್ಲ, ತಪ್ಪಾಯಿತು ಎಂದೆ. ಅವನು ಸೋಫಾದಲ್ಲಿ ಕಾಲು ಚಾಚಿ ಕುಳಿತಿದ್ದ.

“ನೀವು ನೋಡಿದ್ದಿದ್ದರೆ ನನಗೆ ಆ ಮೂರು ತಿಂಗಳ ಆಟ ಸಿಗ್ತಿರಲಿಲ್ಲ” ಎಂದ. “ಥ್ಯಾಂಕ್ಸ್.”

ಅವನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಟ್ರೇ ಹಿಡಿದು ಬಂದ ಅವನ ಹೆಂಡತಿ ಬಾಗಿಲಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ನನ್ನ ಚಹಾ ಕಪ್ಪನ್ನು ಟ್ರೇಯಲ್ಲೇ ವಾಪಸ್ ತೆಗೆದುಕೊಂಡು ಒಳಗೆ ಹೋದಳು.