ನೀಲವ್ವನ ಜಡೆ ಬಿಚ್ಚಿಸಲು ಸವಣೂರಿಗೆ ಹೋದದ್ದು

ಸಂಕ್ರಾಂತಿ ಮುಗಿದ ಮೇಲೆ ಚಿಕ್ಕೇರೂರಿನಿಂದ ನಾನು ನೀಲವ್ವನನ್ನು ಕರಕೊಂಡು ಹೊಂಟೆ. ಹಾನಗಲ್ಲತನಕ ಮಗ ಚಕ್ಕಡಿ ಹೊಡೆದ. ಆರು ಹರದಾರಿ ದಾರಿ. ಬುತ್ತಿಗೆ ರೊಟ್ಟಿ, ಶೇಂಗಾ ಚಟ್ನಿ ಇತ್ತು. ಹುಡುಗಿ ಒಂದು ತುಣುಕು ತಿಂದಿತು.

ನೀಲವ್ವ ನಮ್ಮ ಮನೆಯಲ್ಲಿ ಹುಟ್ಟಿದವಳಲ್ಲ. ಸೊಸೆ ಗಂಗವ್ವನ ದೂರದ ಅಣ್ಣ ಹಾನಗಲ್ಲಿನಲ್ಲಿದ್ದ. ಅವನು, ಅವನ ಹೆಂಡತಿ ಒಂದೇ ಮಳೆಗಾಲದಲ್ಲಿ ವಾಂತಿಭೇದಿಯಿಂದ ಸತ್ತರು. ಮೂರು ಹೆಣ್ಣುಮಕ್ಕಳನ್ನು ಬಳಗದವರು ಹಂಚಿಕೊಂಡರು. ದೊಡ್ಡವಳು ಶಿವವ್ವ ಸವಣೂರಿಗೆ ಸೋದರತ್ತೆಯ ಮನೆಗೆ ಹೋದಳು. ನಡುವಿನವಳು ಕಲ್ಲವ್ವ ಶಿಗ್ಗಾವಿಗೆ ಮಾವನ ಮನೆಗೆ. ಐದು ವರ್ಷದ ನೀಲವ್ವನನ್ನು ನಮ್ಮ ಗಂಗವ್ವ ಉಡಿಯಲ್ಲಿ ಹಾಕಿಸಿಕೊಂಡು ಬಂದಳು. ಆಕೆಗೆ ಮಕ್ಕಳಿಲ್ಲ.

ಬಂದ ಹುಡುಗಿ ತಲೆ ಮುಟ್ಟಗೊಡಲಿಲ್ಲ. ಅಗಲುವ ದಿನ ಶಿವವ್ವ ಅದಕ್ಕೆ ಜಡೆ ಹಾಕಿ, ‘ನಾನ ಬಂದು ಬಿಚ್ತೇನಿ. ಅಲ್ಲೀತನಕ ಯಾರಿಗೂ ಮುಟ್ಟಗೊಡಬ್ಯಾಡ’ ಅಂದಿದ್ದಳು. ಅಳುವ ಕೂಸನ್ನು ಸುಮ್ಮನಿರಿಸಲು ಆಡಿದ ಮಾತು. ಇದು ಅದನ್ನೇ ಹಿಡಿದು ಕೂತಿತು. ಬಾಚಣಿಗೆ ಹಿಡಿದರೆ ಕೈ ಕಚ್ಚುತ್ತಿತ್ತು. ಮಳೆಗಾಲ ಹೋಗಿ ಚಳಿ ಬರುವುದರೊಳಗೆ ಜಡೆ ಹಳೆಯ ಹಗ್ಗದಂತೆ ಗಂಟುಗಟ್ಟಿತು.

ಭಿಕ್ಷೆಗೆ ಬಂದ ಜೋಗತಿ ಅದನ್ನು ನೋಡಿ ಭಂಡಾರ ಹಚ್ಚಿದಳು. ‘ಜಡಿಯೊಳಗ ಅವ್ವ ಬಂದಾಳ. ಭಾರತ ಹುಣ್ಣಿಮಿಗೆ ಎಲ್ಲಮ್ಮನ ಗುಡ್ಡಕ್ಕ ಕರಕೊಂಡು ಬಂದು ದೇವಿಗೆ ಬಿಡ್ರಿ’ ಅಂದಳು.

‘ಅವ್ವ ಅಲ್ಲ, ಹೇನು ಬಂದಾವ’ ಅಂದೆ ನಾನು.

ಗಂಗವ್ವ ಗಲ್ಲ ಬಡಿದುಕೊಂಡಳು. ‘ಅತ್ತಿ, ಹಂಗ ಅನಬ್ಯಾಡ್ರಿ. ದೇವಿ ಕೇಳಿದ್ದನ್ನ ಕೊಡದಿದ್ರ ಮನಿ ಉಳೀತೈತೇನ್ರಿ?’

ದೇವಿಗೆ ಬಿಟ್ಟ ಹುಡುಗಿಯರು ದೊಡ್ಡವರಾಗಿ ಯಾರ ಯಾರ ಬಾಗಿಲು ಕಾಯುತ್ತಾರೆ ಅನ್ನುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದಕ್ಕೇ ಹುಣ್ಣಿಮೆ ಬರುವುದರೊಳಗೆ ಶಿವವ್ವನ ಕೈಯಿಂದ ಜಡೆ ಬಿಚ್ಚಿಸಬೇಕೆಂದು ಹೊಂಟೆ.

ಹಾನಗಲ್ಲಿನಿಂದ ಮೋಟಾರು. ಯುದ್ಧದ ಕಾಲ, ಪೆಟ್ರೋಲು ಸಿಗುತ್ತಿರಲಿಲ್ಲ. ಹಿಂದೆ ಉಕ್ಕಿನ ಉರುಳೆ ಕಟ್ಟಿ ಇದ್ದಿಲ ಹೊಗೆಯ ಮೇಲೆ ಓಡಿಸುತ್ತಿದ್ದರು. ದಿನ್ನೆ ಬಂದಲ್ಲಿ ಗಂಡಸರು ಇಳಿದು ನೂಕಿದರು. ನನಗೆ ಎಂಟಾಣೆ ಚಾರ್ಜು.

‘ಕೂಸಿಗೆ ಅರ್ಧಾ ಟಿಕೀಟು ತಗೀಬೇ ಮುದುಕಿ’ ಅಂದ ಕಂಡಕ್ಟರ.

‘ಅದು ನನ್ನ ತೊಡಿ ಮ್ಯಾಲ ಕುಂತೈತಿ, ನಿನ್ನ ತೊಡಿ ಮ್ಯಾಲಲ್ಲ’ ಅಂದೆ. ಮಂದಿ ನಕ್ಕರು, ಅವನು ಮುಂದಿನವರ ಟಿಕೀಟು ಹರಿದ.

ಬಂಕಾಪುರದಲ್ಲಿ ಹತ್ತಿದ ಒಬ್ಬ ಹೆಂಗಸು ಜಡೆ ನೋಡಿ ನೀಲವ್ವನ ಕಾಲು ಮುಟ್ಟಿದಳು, ಕೈಯಲ್ಲಿ ದುಡ್ಡಿಟ್ಟಳು. ಹುಡುಗಿ ಮುಷ್ಟಿ ಬಿಗಿದುಕೊಂಡಿತು. ಮುಷ್ಟಿ ಬಿಡಿಸಿ ದುಡ್ಡು ತಿರುಗಿ ಕೊಟ್ಟೆ. ಆ ಹೆಂಗಸು ಇಳಿಯುವತನಕ ನನ್ನನ್ನು ಬೈದಳು.

ರಾತ್ರಿ ತಂಗಲು ಶಿಗ್ಗಾವಿಯಲ್ಲಿ ಕಲ್ಲವ್ವನಿದ್ದ ಮನೆಗೆ ಹೋದರೆ ಮಾವನ ಹೆಂಡತಿ ಹೊಸ್ತಿಲ ಮೇಲೆ ಅಡ್ಡ ನಿಂತಳು. ‘ಇದನ್ನೂ ಇಲ್ಲೇ ಬಿಟ್ಟು ಹೋಗಾಕ ತಂದೀರೇನ್ರಿ? ಒಂದು ಬಾಯಿ ತುಂಬಸೂದ ಸಾಕಾಗೇತಿ.’

ಬಿಡಲು ಬಂದಿಲ್ಲ ಅಂದ ಮೇಲೆ ನೀರು ಕೊಟ್ಟಳು. ಕಲ್ಲವ್ವ ಹಿತ್ತಲಲ್ಲಿ ಕುಳ್ಳು ತಟ್ಟುತ್ತಿತ್ತು. ಹೇನಾದವೆಂದು ತಲೆ ಬೋಳಿಸಿದ್ದರು. ಅಕ್ಕತಂಗಿಯರು ದೂರ ನಿಂತೇ ನೋಡಿಕೊಂಡರು.

‘ಇನ್ನೂ ಬಿಚ್ಚಿಲ್ಲೇನು?’ ಅಂದಿತು ಕಲ್ಲವ್ವ.

‘ಅಕ್ಕ ಬಿಚ್ತಾಳ.’

‘ನನಗೂ ಬರ್ತೇನಂದಿದ್ಲು’ ಅಂದು ಮತ್ತೆ ಸಗಣಿಗೆ ಕೈ ಹಾಕಿತು.

ಮರುದಿನ ಸವಣೂರಿನ ವೀಳ್ಯದೆಲೆ ವ್ಯಾಪಾರಿಯೊಬ್ಬ, ಸಾಬರ ಮುದುಕ, ಖಾಲಿ ಪುಟ್ಟಿ ಹೇರಿಕೊಂಡು ಮರಳುತ್ತಿದ್ದ. ನಮ್ಮನ್ನು ಗಾಡಿಯಲ್ಲಿ ಹತ್ತಿಸಿಕೊಂಡ. ‘ರೊಕ್ಕ ಬ್ಯಾಡ್ರಿ ಅಮ್ಮಾ. ನಿಮಗಿಂತ ನನ್ನ ಖಾಲಿ ಪುಟ್ಟೀನ ವಜ್ಜಿ’ ಅಂದ. ಬಿಸಿಲು ಚುರುಗುಡುತ್ತಿತ್ತು. ಪ್ರತಿ ಹಳ್ಳಿ ಬಂದಾಗಲೂ ನೀಲವ್ವ ‘ಅಕ್ಕನ ಊರು ಇದೇನ?’ ಅಂತ ಕೇಳಿತು. ಮುದುಕ ಬೇಸರವಿಲ್ಲದೆ ‘ಇನ್ನೂ ಮುಂದೈತಿ ಬೇಟಿ’ ಅಂದ.

ಶಿವವ್ವ ಬೀಸುವ ಕಲ್ಲಿನ ಮುಂದೆ ಇದ್ದಳು. ಹದಿಮೂರರ ಹುಡುಗಿ, ಮುಖ ಮುದುಕಿಯದಾಗಿತ್ತು. ತಂಗಿಯನ್ನು ನೋಡಿ ಎದ್ದು ಬಂದಳು, ಗದ್ದ ಹಿಡಿದಳು. ನೀಲವ್ವ ಆಕೆಗೆ ಬೆನ್ನು ಮಾಡಿ ಕೂತು ತಲೆ ಒಡ್ಡಿತು. ಅಷ್ಟು ತಿಂಗಳಲ್ಲಿ ಅದು ಯಾರಿಗೂ ಹಾಗೆ ಕೂತಿರಲಿಲ್ಲ.

ಶಿವವ್ವ ಎಣ್ಣೆ ಸುರಿದು ಗಂಟು ಜಗ್ಗಿ ನೋಡಿದಳು. ‘ಇದೇನ್ರಿ ಆಯಿ, ಕೂಸಿನ ತಲಿ ಹಿಂಗಾಗಗೊಟ್ಟೀರಿ?’

‘ನೀ ಬಂದು ಬಿಚ್ತೀ ಅಂತ ಕಾದೈತಿ.’

‘ನಾನ? ಯಾಕ?’

‘ಹಾನಗಲ್ಲಾಗ ನೀನ ಅಂದಿದ್ದೆಲ್ಲವಾ, ಯಾರಿಗೂ ಮುಟ್ಟಗೊಡಬ್ಯಾಡಂತ.’

ಆಕೆಯ ಕೈ ನಿಂತಿತು. ‘ನಾ ಹಂಗ ಅಂದಿದ್ನೇನು? ನೆಪ್ಪಿಲ್ರಿ. ಆವತ್ತ ಏನೇನೋ ಅಂದೆ.’

ಒಳಗಿನಿಂದ ಅತ್ತೆ ಕೂಗಿದಳು. ‘ಶಿವೀ, ಹಿಟ್ಟು ನಿಮ್ಮವ್ವ ಬಂದು ಬೀಸ್ತಾಳೇನು?’

ಶಿವವ್ವ ಎಣ್ಣೆ ಕೈಯನ್ನು ತನ್ನ ತಲೆಗೇ ಒರೆಸಿಕೊಂಡು ಎದ್ದಳು. ಒಂದು ಗಂಟೂ ಬಿಚ್ಚಿರಲಿಲ್ಲ. ನೀಲವ್ವ ಅಲ್ಲೇ ಬೆನ್ನು ಮಾಡಿ ಕೂತೇ ಇತ್ತು. ಕಲ್ಲು ತಿರುಗುವ ಸಪ್ಪಳ ಕೇಳಿದ ಮೇಲೆ ಎದ್ದು ಬಂದು ನನ್ನ ಸೆರಗು ಹಿಡಿದು, ‘ಕತ್ತರಿಸು’ ಅಂದಿತು.

ಪೇಟೆಯಲ್ಲಿ ಕ್ಷೌರದವನು ಜಡೆಗೆ ಕೈ ಮುಗಿದು ಹಿಂದೆ ಸರಿದ. ‘ಪಾಪ ನನಗ ಬರ್ಲಿ, ಕತ್ತರಿ ಕೊಡು’ ಅಂದು ನಾನೇ ಕತ್ತರಿಸಿದೆ. ಕತ್ತರಿ ಮೊಂಡಾಗಿತ್ತು, ಎಳೆದೆಳೆದು ಕೊಯ್ಯಬೇಕಾಯಿತು. ಹುಡುಗಿ ಅಳಲಿಲ್ಲ. ಜಡೆಯನ್ನು ಊರ ಹೊರಗಿನ ಹಳ್ಳಕ್ಕೆ ಒಗೆದೆ.

ಟಾಂಗಾ ಹಿಡಿದು ಯಲವಿಗಿಗೆ ಬಂದು ರೈಲು ಹತ್ತಿದೆವು. ನಾನು ಸವಣೂರಿನ ಕಡೆ ಒಮ್ಮೆ ತಿರುಗಿ ನೋಡಿದೆ, ಅದು ನೋಡಲಿಲ್ಲ. ಹಾವೇರಿಯಲ್ಲಿ ಇಳಿದು ಮೋಟಾರಿನಲ್ಲಿ ಹಿರೇಕೆರೂರಿಗೆ ಬಂದೆವು, ಅಲ್ಲಿಂದ ಹಂಸಭಾವಿ ಮೇಲೆ ಬಾಡಿಗೆ ಚಕ್ಕಡಿ. ದಾರಿಯುದ್ದಕ್ಕೂ ಯಾವ ಊರು ಬಂದರೂ ಇದು ಯಾವ ಊರೆಂದು ಕೇಳಲಿಲ್ಲ.

ಗಂಗವ್ವ ಜಡೆಯಿಲ್ಲದ ತಲೆ ನೋಡಿ ಅತ್ತಳು, ದೇವಿಗೆ ತಪ್ಪುಕಾಣಿಕೆ ಕಟ್ಟಿದಳು. ಹುಣ್ಣಿಮೆ ಬಂತು, ಹೋಯಿತು. ಜೋಗತಿ ಮತ್ತೆ ಬಾಗಿಲಿಗೆ ಬರಲಿಲ್ಲ. ನಾನು ಗೆದ್ದೆ ಅನ್ನುತ್ತಾರೆ ಮಂದಿ.

ಈಗ ಕೂದಲು ಭುಜದತನಕ ಬಂದಿದೆ. ಗಂಗವ್ವ ಕರೆದರೆ ಹೋಗಿ ಬೆನ್ನು ಮಾಡಿ ಕೂರುತ್ತದೆ, ನಾನು ಕರೆದರೂ ಕೂರುತ್ತದೆ. ಮೊನ್ನೆ ಬಳೆ ಮಾರಲು ಬಂದ ಹೆಂಗಸು, ಹೆಸರು ಗೊತ್ತಿಲ್ಲ, ಗುರುತಿಲ್ಲ, ‘ಬಾರವಾ, ಹೆರಳು ಹಾಕ್ತೇನಿ’ ಅಂದಳು. ಅವಳ ಮುಂದೆಯೂ ಹೋಗಿ ಕೂತಿತು.